ಘೋಣಸಗಿಯಲ್ಲಿ ಸೋರಿದ ಕ್ಲಚ್ಚು, ಲಂಡನ್ನಿನಲ್ಲಿ ಸೋರಿದ ಪ್ರೆಸ್ಸು

ಪ್ರತಿ ಸಂಚಿಕೆಗೆ ಒಬ್ಬ ಎಂಜಿನಿಯರನ ಬದುಕು ಬರೆಯಬೇಕು ಅನ್ನೋದು ನಮ್ಮ ಕನ್ನಡ ಸಂಘದ ಪದ್ಧತಿ. ಸೆಪ್ಟೆಂಬರ್ ಬಂತಂದ್ರೆ ವಿಶ್ವೇಶ್ವರಯ್ಯನವರು ಇದ್ದೇ ಇರುತ್ತಾರೆ. ಉಳಿದ ತಿಂಗಳಿಗೆ ಯಾರು ಅನ್ನೋದೇ ತಕರಾರು. ಈ ಸಲದ ಹೆಸರು ನಮಗೆ ಗ್ರಂಥಾಲಯದಲ್ಲಿ ಸಿಗಲಿಲ್ಲ, ಘೋಣಸಗಿಯಲ್ಲಿ ಒಂದು ಕಾರಿನ ಕೆಳಗೆ ಸಿಕ್ಕಿತು. ಹೆಸರು ಜೋಸೆಫ್ ಬ್ರಾಮಾ. ಪುಸ್ತಕದಲ್ಲಿ ಪಾಸ್ಕಲನ ನಿಯಮದ ಪಕ್ಕಕ್ಕೆ ಬ್ರಾಮಾ ಪ್ರೆಸ್ ಅಂತ ಒಂದು ಚಿತ್ರ ಇರುತ್ತದಲ್ಲ, ಎರಡು ಮಾರ್ಕಿಗೆ ಕೇಳುವಂಥದ್ದು, ಅದೇ ಬ್ರಾಮಾ.

ಘೋಣಸಗಿ ತಿಕೋಟಾ ತಾಲೂಕಿನ ಊರು, ನಮ್ಮ ಗೆಳೆಯನೊಬ್ಬನ ಮನೆ ಅಲ್ಲೇ. ದ್ರಾಕ್ಷಿ ಕಟಾವಿನ ದಿನಗಳಲ್ಲಿ ಒಂದು ಶನಿವಾರ ಐದು ಮಂದಿ ಹೋಗಿದ್ದೆವು. ಗೆಳೆಯನ ಕಾಕಾ ತಮ್ಮ ಹಳೇ ಕಾರಿನಲ್ಲಿ ನಮ್ಮನ್ನು ಕರೆದೊಯ್ದರು. ದಾರಿಯಲ್ಲೇ ಗೇರು ಬೀಳೋದು ಬಿಗಿಯಾಗಿತ್ತು, ರಿವರ್ಸ್ ಹಾಕಿದಾಗ ಕರ್ರ್ ಅಂತ ಹಲ್ಲು ತಿಕ್ಕಿದ ಸಪ್ಪಳ. ರವಿವಾರ ಬೆಳಿಗ್ಗೆ ಕ್ಲಚ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹತ್ತಿ ಅಲ್ಲೇ ಮಲಗಿತು. ಬೆರಳು ಹಾಕಿ ಎತ್ತಬೇಕಾಯಿತು. ಮೋಜಿನ ಮಾತಾಗಿದ್ದರೆ ಸರಿ ಇತ್ತು. ಆದರೆ ಸೋಮವಾರ ನಸುಕಿನಲ್ಲಿ ಅದೇ ಕಾರಿನಲ್ಲಿ ಆಯಿಯನ್ನು ಕಣ್ಣಿನ ಆಪರೇಷನ್ನಿಗೆ ವಿಜಯಪುರಕ್ಕೆ ಕರೆದೊಯ್ಯಬೇಕಿತ್ತು. ಆಯಿ ಎರಡು ತಿಂಗಳಿಂದ ಆ ತಾರೀಖಿಗೇ ಕಾಯುತ್ತಾ ಕುಂತಿದ್ದರು.

ಅಂಗಳದಲ್ಲಿ ಐದು ಮಂದಿ ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಐದು ಅಭಿಪ್ರಾಯ. ಒಬ್ಬ ಕ್ಲಚ್ ಪ್ಲೇಟು ಹೋಗಿದೆ ಅಂದ, ಇನ್ನೊಬ್ಬ ಕೇಬಲ್ ಹರಿದಿದೆ ಅಂದ. ಆ ಕಾರಿಗೆ ಕೇಬಲ್ಲೇ ಇರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಕೆಳಗಿತ್ತು. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಎಂಜಿನ್ ಆಯಿಲ್ ಇದೆ, ಅದನ್ನೇ ಸುರಿಯೋಣ ಅಂದವನೂ ನಮ್ಮಲ್ಲಿ ಇದ್ದ. ಹೆಸರು ಬೇಡ, ಆರನೇ ಸೆಮ್. ಕಾಕಾ ಗದರಿಸಿ ತಡೆದರು, ತಡೆದದ್ದು ಒಳ್ಳೆಯದಾಯಿತು. ಕ್ಲಚ್ಚಿಗೆ ಹಾಕುವುದು ಬ್ರೇಕ್ ಆಯಿಲ್, ಅಂದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಂತೆ ಡಾಟ್ 3 ಅಥವಾ ಡಾಟ್ 4. ಹೆಸರಿಗೆ ಆಯಿಲ್, ನಿಜದಲ್ಲಿ ಅದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆಂದೇ ಮಾಡಿದ ರಬ್ಬರಿಗೆ ಎಂಜಿನ್ ಆಯಿಲ್ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಒಂದು ಕಡೆಯ ಸೋರಿಕೆ ನಾಲ್ಕು ಕಡೆ ಆಗುತ್ತಿತ್ತು.

ತಿಕೋಟಾದಿಂದ ಮಿಸ್ತ್ರಿ ಬೈಕಿನಲ್ಲಿ ಬಂದರು. ಅವರು ಪಾನೆ ಹಿಡಿಯುವ ಮೊದಲು ಕೈಯಲ್ಲಿ ಹಿಡಿದದ್ದು ಒಣ ಅರಿವೆ. ಚಾಲಕನ ಕಾಲಬುಡದ ಮ್ಯಾಟ್ ಎತ್ತಿ ಪೆಡಲಿನ ರಾಡು ಮಾಸ್ಟರ್ ಸಿಲಿಂಡರಿಗೆ ಹೋಗುವ ಜಾಗ ಮುಟ್ಟಿ ನೋಡಿದರು, ಒಣಗಿತ್ತು. ಪೈಪು, ರಬ್ಬರ್ ಹೋಸು, ಜೋಡಣೆಗಳು, ಎಲ್ಲಾ ಒಣ. ನಾವು ತೋರಿಸಿದ ಹನಿ ಬೀಳುತ್ತಿದ್ದುದು ಗೇರ್ ಬಾಕ್ಸಿನ ಮೂಲೆಯಿಂದ. ಸೋರಿಕೆ ಅಲ್ಲಿಲ್ಲ ಎಂದು ಅವರ ವಾದ: ದ್ರವ ಎಲ್ಲಿಂದಲೋ ಹೊರಟು ಮೈಗುಂಟ ಹರಿದು ತಗ್ಗು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಇಡೀ ಜಾಗ ಒರೆಸಿ, ಕಾಕುನ ಹತ್ತಿರ ಮುಖಕ್ಕೆ ಹಚ್ಚುವ ಪೌಡರ್ ಇಸಕೊಂಡು ಉದುರಿಸಿದರು. ಡಬ್ಬಿ ತುಂಬಿಸಿ ನಮ್ಮಲ್ಲೊಬ್ಬನಿಗೆ ಹತ್ತು ಸಲ ಪೆಡಲ್ ಒತ್ತಲು ಹೇಳಿದರು. ಬಿಳಿ ಪೌಡರಿನ ಮೇಲೆ ಒದ್ದೆ ಗೆರೆ ಎದ್ದದ್ದು ಸ್ಲೇವ್ ಸಿಲಿಂಡರಿನ ಬೂಟಿನ ಬುಡದಿಂದ. ಬೂಟು ಸರಿಸಿದರೆ ಒಳಗಿಂದ ಕರ್ರಗಿನ ದ್ರವ ಬಳಬಳ ಸುರಿಯಿತು. ನಮ್ಮ ಪುಣ್ಯ, ಈ ಕಾರಿನ ಸ್ಲೇವ್ ಗೇರ್ ಬಾಕ್ಸಿನ ಹೊರಗಿತ್ತು. ಈಗಿನ ಎಷ್ಟೋ ಕಾರುಗಳಲ್ಲಿ ಅದು ಒಳಗೇ, ಶಾಫ್ಟಿನ ಸುತ್ತ ಕೂತಿರುತ್ತದೆ. ಅದು ಸೋರಿದರೆ ಗೇರ್ ಬಾಕ್ಸೇ ಇಳಿಸಬೇಕು.

ಬಿಚ್ಚಿದಾಗ ಹೊರಬಂದದ್ದು ಇಷ್ಟೇ: ಒಂದು ಸ್ಪ್ರಿಂಗು, ಒಂದು ಪಿಸ್ಟನ್ನು, ಹೆಬ್ಬೆರಳಿನ ಅಗಲದ ಒಂದು ರಬ್ಬರ್ ಕಪ್ಪು. ಕಪ್ಪಿನ ತುಟಿ ಒಂದು ಕಡೆ ಸವೆದು ಗಟ್ಟಿಯಾಗಿತ್ತು. ಸಿಲಿಂಡರಿನ ಮೇಲಿದ್ದ ಅಳತೆ ನೋಡಿ ಲೆಕ್ಕ ಹಾಕಿದೆವು. ಮಾಸ್ಟರ್ 5/8 ಇಂಚು, ಸ್ಲೇವ್ 3/4 ಇಂಚು. ಬಲ 1.44 ಪಟ್ಟು. ಮಾಸ್ಟರಿನ ಪಿಸ್ಟನ್ 25 ಮಿ.ಮೀ. ಸರಿದರೆ ತಳ್ಳುವ ದ್ರವ ಸುಮಾರು 5 ಮಿ.ಲೀ., ಅಂದರೆ ಒಂದು ಚಹಾ ಚಮಚ. ಆ ಒಂದು ಚಮಚದಲ್ಲಿ ಒಂದು ಮಿ.ಲೀ. ಕಪ್ಪಿನ ಪಕ್ಕದಿಂದ ನುಸುಳಿದರೆ ಐದನೇ ಒಂದು ಪಾಲು ಚಲನೆ ಹೋಯಿತು, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರ್ರ್ ಅನ್ನುತ್ತದೆ.

ಹೊಸ ಕಿಟ್ ತರಲು ಕಾಕಾ ವಿಜಯಪುರದ ಬಸ್ಸು ಹತ್ತಿದರು. ಕಾಯುವಾಗ ಮಿಸ್ತ್ರಿ ಹಳೇ ಕಪ್ಪನ್ನು ನಮ್ಮ ಕೈಗಿಟ್ಟು, ಇದರ ಬಾಯಿ ಎಣ್ಣೆಯ ಕಡೆಗೋ ಪಿಸ್ಟನ್ನಿನ ಕಡೆಗೋ ಎಂದು ಕೇಳಿದರು. ನಾವು ಬೋರಲು ಹಾಕಬೇಕು ಅಂದೆವು, ಮುಚ್ಚಳ ಮುಚ್ಚಿದ ಹಾಗೆ. ಅವರು ನಕ್ಕು, ಸೈಕಲ್ ಪಂಪಿನ ಚರ್ಮದ ವಾಸರ್ ಯಾವತ್ತಾದರೂ ನೋಡಿದ್ದೀರೇನ್ರಿ ಎಂದು ಕೇಳಿ, ಚಹಾ ಕುಡಿಯಲು ಒಳಗೆ ಹೋದರು. ಮೊಬೈಲಿನಲ್ಲಿ ಆ ವಾಸರಿನ ಮೂಲ ಹುಡುಕುತ್ತಾ ಹೋದ ನಾವು ಬ್ರಾಮಾನ ಅಂಗಳಕ್ಕೆ ಬಂದು ನಿಂತೆವು.

ಜೋಸೆಫ್ ಬ್ರಾಮಾ ಹುಟ್ಟಿದ್ದು 1748ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ಬಾರ್ನ್ಸ್ಲಿ ಸಮೀಪದ ಸ್ಟೇನ್‌ಬರೋದಲ್ಲಿ. ಅಪ್ಪ ಒಕ್ಕಲುತನದವನು, ಮಗನೂ ಹೊಲಕ್ಕೇ ಹೋಗಬೇಕಿತ್ತು. ಹದಿನಾರರ ಸುಮಾರಿಗೆ ಕಾಲಿನ ಹರಡಿಗೆ ಪೆಟ್ಟಾಯಿತು, ಹೊಲದ ಕೆಲಸ ಆಗದು ಎಂದಾಯಿತು. ಊರ ಬಡಿಗನ ಹತ್ತಿರ ಕೆಲಸಕ್ಕೆ ಹಚ್ಚಿದರು. ಕಲಿತು ಮುಗಿದ ಮೇಲೆ ಕುಂಟುಗಾಲಿನ ಹುಡುಗ ಲಂಡನ್ನಿಗೆ ನಡೆದೇ ಹೋದ.

ಅಲ್ಲಿ ಅವನು ಮರಗೆಲಸದವನು. ಸಿರಿವಂತರ ಮನೆಗಳಲ್ಲಿ ಆಗಷ್ಟೇ ಬರುತ್ತಿದ್ದ ನೀರಿನ ಪಾಯಖಾನೆಗಳನ್ನು ಕೂಡಿಸುವುದೂ ಅವನ ಪಾಲಿಗೆ ಬಂತು. ಆ ಪಾಯಖಾನೆಗಳ ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಸರಿದು ಮುಚ್ಚುವ ಕವಾಟದ ಜಾಗದಲ್ಲಿ ಕೀಲಿನ ಮೇಲೆ ಮಗುಚುವ ಮುಚ್ಚಳ ಇಟ್ಟು 1778ರಲ್ಲಿ ಪೇಟೆಂಟ್ ಪಡೆದ. ಗಮನಿಸಿ, ಅವನ ಮೊದಲ ಪೇಟೆಂಟೇ ಸೋರಿಕೆಯ ಮೇಲೆ. ಕಾಲೇಜಿನ ಸಮಾರಂಭಗಳಲ್ಲಿ ಇಂಥದ್ದನ್ನು ಹೇಳಲು ನಾಚುತ್ತಾರೆ, ನಮಗೆ ನಾಚಿಕೆ ಇಲ್ಲ.

ಎರಡನೆಯದು ಕೀಲಿ. 1784ರಲ್ಲಿ ಅವನು ಪೇಟೆಂಟ್ ಪಡೆದ ಬೀಗದಲ್ಲಿ ಹಲವು ತೆಳು ಪಟ್ಟಿಗಳು ಸಾಲಾಗಿ ನಿಂತಿರುತ್ತವೆ, ಕೀಲಿಕೈ ಪ್ರತಿಯೊಂದನ್ನೂ ಬೇರೆ ಬೇರೆ ಆಳಕ್ಕೆ ಒತ್ತಬೇಕು. ಎಲ್ಲಾ ಕಚ್ಚುಗಳು ಒಂದೇ ಮಟ್ಟಕ್ಕೆ ಬಂದರೆ ಮಾತ್ರ ಒಳಗಿನ ಕೊಳವೆ ತಿರುಗುತ್ತದೆ. ಲಂಡನ್ನಿನ ಪಿಕಾಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಅಂಥ ಒಂದು ಬೀಗ ತೂಗುಹಾಕಿ, ತೆರೆದವರಿಗೆ 200 ಗಿನಿ ಬಹುಮಾನ ಎಂದು ಫಲಕ ಬರೆಸಿದ. ಅವನು ಸತ್ತು ಎಷ್ಟೋ ವರ್ಷದ ತನಕ ಅದನ್ನು ಯಾರೂ ತೆರೆಯಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದ ವರ್ಷ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕದವನು ತೆರೆದ. ಅವನಿಗೂ 16 ದಿನಗಳಲ್ಲಿ ಹಂಚಿ 51 ತಾಸು ಹಿಡಿಯಿತು.

ಇಂಥ ಬೀಗವನ್ನು ಕೈಯಲ್ಲಿ ಅರ ತಿಕ್ಕಿ ಮಾಡುತ್ತಾ ಕುಳಿತರೆ ಒಂದರ ಬೆಲೆ ಕೇಳುವುದೇ ಬೇಡ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆಗದು. ಅದಕ್ಕೆ ಯಂತ್ರ ಬೇಕು, ಯಂತ್ರ ಮಾಡಬಲ್ಲ ಕೈ ಬೇಕು. ಆ ಕೈ 1789ರಲ್ಲಿ ಬಂತು. ಹೆನ್ರಿ ಮೌಡ್ಸ್ಲೀ, ವಯಸ್ಸು 18. ವುಲಿಚ್‌ನ ಶಸ್ತ್ರಾಗಾರದಲ್ಲಿ 12ನೇ ವಯಸ್ಸಿಗೆ ತೋಟಾಗಳಿಗೆ ಮದ್ದು ತುಂಬುತ್ತಾ ಬೆಳೆದ ಹುಡುಗ, ಆಮೇಲೆ ಕಮ್ಮಾರಸಾಲೆಯವನು. ಏಳು ವರ್ಷದ ಶಿಷ್ಯವೃತ್ತಿ ಮುಗಿಸಿರಲಿಲ್ಲ, ಅಂಥವನನ್ನು ತೆಗೆದುಕೊಳ್ಳಲು ಕಾರ್ಖಾನೆಯವರಿಗೆ ಮನಸ್ಸಿರಲಿಲ್ಲ. ಮೂಲೆಯಲ್ಲಿ ಸವೆದು ಬಿದ್ದಿದ್ದ ಒಂದು ವೈಸನ್ನು ತೋರಿಸಿ, ಸಂಜೆ ಆರರೊಳಗೆ ಇದನ್ನು ಹೊಸದರಂತೆ ಮಾಡಿಕೊಟ್ಟರೆ ಕೆಲಸ ಕೊಡುವಿರಾ ಎಂದು ಹುಡುಗನೇ ಕೇಳಿದನಂತೆ. ಮಾಡಿದ. ಒಂದೆರಡು ವರ್ಷದಲ್ಲಿ ಇಡೀ ಕಾರ್ಖಾನೆಯ ಮುಖ್ಯಸ್ಥನೂ ಆದ. ಬ್ರಾಮಾನ ಮನೆಗೆಲಸದ ಹುಡುಗಿ ಸಾರಾಳನ್ನು 1791ರಲ್ಲಿ ಮದುವೆಯಾದ.

ಇನ್ನು ಪ್ರೆಸ್ಸು. ಅದರ ತತ್ವ ಬ್ರಾಮಾನದಲ್ಲ. ಫ್ರಾನ್ಸಿನ ಪಾಸ್ಕಲ್ 1662ರಲ್ಲಿ ತೀರಿಕೊಂಡ, ಅವನ ಗ್ರಂಥ ಮರುವರ್ಷ ಅಚ್ಚಾಯಿತು. ನೀರು ತುಂಬಿದ ಪಾತ್ರೆಗೆ ಎರಡು ಬಾಯಿ, ಒಂದು ಇನ್ನೊಂದರ ನೂರು ಪಟ್ಟು ದೊಡ್ಡದು. ಸಣ್ಣ ಬಾಯಿಯ ಪಿಸ್ಟನ್ನು ಒತ್ತುವ ಒಬ್ಬ ಮನುಷ್ಯ ದೊಡ್ಡದನ್ನು ಒತ್ತುವ ನೂರು ಮಂದಿಗೆ ಸಮ. ಅದರಲ್ಲೇ ಎಲ್ಲಾ ಇದೆ. ಆದರೆ 130 ವರ್ಷ ಕಳೆದರೂ ಆ ಯಂತ್ರ ಯಾವ ಕೆಲಸಕ್ಕೂ ಬರಲಿಲ್ಲ. ತತ್ವಕ್ಕೂ ಯಂತ್ರಕ್ಕೂ ನಡುವೆ ಒಂದು ಸಂದು ಇತ್ತು, ಅಕ್ಷರಶಃ ಸಂದು: ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನದು.

1795ರಲ್ಲಿ ಬ್ರಾಮಾ ಪ್ರೆಸ್ಸಿನ ಪೇಟೆಂಟ್ ಪಡೆದ. ಸಣ್ಣ ಪಂಪು, ದೊಡ್ಡ ಸಿಲಿಂಡರು, ನಡುವೆ ನೀರಿನ ಕೊಳವೆ. ಪಂಪಿನ ದಂಡೆ ಒಂದು ಇಂಚು, ದೊಡ್ಡ ದಂಡೆ 12 ಇಂಚು ಅಂತ ಇಟ್ಟುಕೊಂಡರೆ ಬಲ 144 ಪಟ್ಟು. ಕಾಗದದ ಮೇಲೆ ಚಂದ. ನಿಜದಲ್ಲಿ ಒತ್ತಿದೊಡನೆ ದೊಡ್ಡ ದಂಡೆಯ ಸುತ್ತಲಿಂದ ನೀರು ಚಿಮ್ಮಿತು. ಆಗಿನ ರೂಢಿಯಂತೆ ಸುತ್ತಲೂ ದಾರ, ಚರ್ಮ ತುರುಕಿ ಬೋಲ್ಟು ಬಿಗಿದರೆ ನೀರು ನಿಂತಿತು, ಜೊತೆಗೆ ದಂಡೆಯೂ ನಿಂತಿತು. ಒತ್ತಡ ಬಿಟ್ಟರೂ ಅದು ಕೆಳಗಿಳಿಯಲು ಒಲ್ಲದು. ಸಡಿಲ ಬಿಟ್ಟರೆ ಸೋರಿಕೆ, ಬಿಗಿದರೆ ಸಿಕ್ಕು. ಬೀಗದಲ್ಲಿ ಇಡೀ ಲಂಡನ್ನನ್ನು ಸೋಲಿಸಿದವನು ಚರ್ಮದ ಒಂದು ಪಟ್ಟಿಗೆ ಸೋತು ನಿಂತ.

ಪರಿಹಾರ ಮೌಡ್ಸ್ಲೀಯಿಂದ ಬಂತು. ಸಿಲಿಂಡರಿನ ಕೊರಳಿನಲ್ಲಿ ಒಂದು ಸುತ್ತು ಗಾಡಿ ಕೊರೆದು, ಅದರಲ್ಲಿ ಮಡಚಿದ ಚರ್ಮದ ಬಳೆ ಕೂಡಿಸಿದ. ಮಡಿಕೆಯ ಬಾಯಿ ನೀರಿನ ಕಡೆಗೆ. ಒತ್ತಡ ಏರಿದಂತೆ ನೀರು ಆ ಬಾಯೊಳಗೆ ನುಗ್ಗಿ ತುಟಿಗಳನ್ನು ಅಗಲಿಸುತ್ತದೆ, ಒಂದು ತುಟಿ ದಂಡೆಗೆ, ಇನ್ನೊಂದು ಗಾಡಿಯ ಗೋಡೆಗೆ ಅಂಟುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಒತ್ತಡ ಬಿಟ್ಟೊಡನೆ ತುಟಿ ಸಡಿಲ, ದಂಡೆ ತಾನಾಗಿ ಇಳಿಯುತ್ತದೆ. ತಪ್ಪಿಸಿಕೊಂಡು ಹೋಗಲು ನೋಡುವ ನೀರನ್ನೇ ಬಾಗಿಲು ಕಾಯಲು ನಿಲ್ಲಿಸಿದ ಹಾಗೆ. ಹೊರಗಿನಿಂದ ಬಿಗಿಯುವ ಬೋಲ್ಟೇ ಬೇಡ. ನಮ್ಮ ಕೈಯಲ್ಲಿದ್ದ ರಬ್ಬರ್ ಕಪ್ಪು ಇದರ ಮೊಮ್ಮಗ. ಊರ ಬೋರಿಂಗಿನ ಕೈಪಂಪಿನೊಳಗಿನ ಚರ್ಮದ ವಾಸರು, ಸೈಕಲ್ ಪಂಪಿನದು, ಅವೂ ಇದೇ ಉಪಾಯದ ಮೇಲೆ ದುಡಿಯುತ್ತವೆ. ಮಿಸ್ತ್ರಿ ಪ್ರಶ್ನೆಗೆ ಉತ್ತರ ಸಿಕ್ಕಿತು: ಬಾಯಿ ಎಣ್ಣೆಯ ಕಡೆಗೆ.

ಒಂದು ಮಾತು ಹೇಳಿಬಿಡಬೇಕು. ಈ ಕಥೆ ನಮಗೆ ಬಂದದ್ದು 1863ರ ಸ್ಯಾಮ್ಯುಯೆಲ್ ಸ್ಮೈಲ್ಸನ ಪುಸ್ತಕದಿಂದ, ಸ್ಮೈಲ್ಸನಿಗೆ ಹೇಳಿದವನು ಮೌಡ್ಸ್ಲೀ ಕೈಕೆಳಗೆ ಪಳಗಿದ ಜೇಮ್ಸ್ ನ್ಯಾಸ್ಮಿತ್. ಶಿಷ್ಯ ಗುರುವನ್ನು ಹೊಗಳುವುದರಲ್ಲಿ ಒಂದು ತೂಕ ಕಳೆಯಬೇಕಾದೀತು. ಹಾಗಂತ ಬ್ರಾಮಾನನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶ ಅಲ್ಲ. ಪಾಸ್ಕಲನ ಚಿತ್ರ ನೋಡಿ ಇದನ್ನು ಕಬ್ಬಿಣದಲ್ಲಿ ಮಾಡಬಹುದು ಅಂತ ದುಡ್ಡು ಹಾಕಿ ಕೂತವನು ಅವನೇ.

ಆದರೂ 1797ರಲ್ಲಿ ಅವನು ಮಾಡಿದ್ದು ನಮಗೆ ನುಂಗಲಾಗದ ತುತ್ತು. ಮೌಡ್ಸ್ಲೀಗೆ ಸಿಗುತ್ತಿದ್ದುದು ವಾರಕ್ಕೆ 30 ಶಿಲಿಂಗ್. ಸಂಸಾರ ಬೆಳೆದಿತ್ತು, ಹೆಚ್ಚು ಕೊಡಿ ಎಂದು ಕೇಳಿದ. ಬ್ರಾಮಾ ಒಪ್ಪಲಿಲ್ಲ. ಬೀಗದ ಯಂತ್ರಗಳನ್ನು ಕಟ್ಟಿದವನು, ಪ್ರೆಸ್ಸಿನ ಸೋರಿಕೆ ನಿಲ್ಲಿಸಿದವನು ಅಂದೇ ಹೊರಬಿದ್ದು ವೆಲ್ಸ್ ಸ್ಟ್ರೀಟಿನಲ್ಲಿ ಸಣ್ಣ ಅಂಗಡಿ ಹಾಕಿದ. ಅಲ್ಲಿಂದ ಮುಂದೆ ತಿರುಪು ಕೊರೆಯುವ ಲೇತು, ಪೋರ್ಟ್ಸ್‌ಮತ್ ನೌಕಾನೆಲೆಯ ರಾಟೆ ಮಾಡುವ ಯಂತ್ರಗಳು. ನ್ಯಾಸ್ಮಿತ್, ವಿಟ್‌ವರ್ತ್, ರಾಬರ್ಟ್ಸ್ ಅವನ ಗರಡಿಯಲ್ಲಿ ಪಳಗಿದವರು. ನಮ್ಮ ವರ್ಕ್‌ಶಾಪಿನಲ್ಲಿ ವಿಟ್‌ವರ್ತ್ ಥ್ರೆಡ್ ಕಲಿಸುತ್ತಾರಲ್ಲ, ಅದೇ ವಿಟ್‌ವರ್ತ್. ಕೆಲವು ಶಿಲಿಂಗಿನ ಜಿಪುಣತನಕ್ಕೆ ಇಷ್ಟೆಲ್ಲಾ ಬ್ರಾಮಾನ ಬಾಗಿಲಿನಿಂದ ಸೋರಿಹೋಯಿತು. ಅದೇ ವರ್ಷ ಬ್ರಾಮಾ, ಜೇಮ್ಸ್ ವಾಟ್‌ನ ಉಗಿಯಂತ್ರದ ಪೇಟೆಂಟಿನ ವಿರುದ್ಧ ನ್ಯಾಯಾಧೀಶರಿಗೆ ಉದ್ದನೆಯ ಪತ್ರವೊಂದನ್ನು ಅಚ್ಚು ಹಾಕಿಸಿದ. ತನ್ನ ಪೇಟೆಂಟು ಬಿಗಿ, ಇನ್ನೊಬ್ಬರದು ಸಡಿಲ ಎಂಬ ಮನುಷ್ಯ ಸ್ವಭಾವ ಇರಬೇಕು.

ಇಲ್ಲಿಗೆ ಓದುವ ಹೊತ್ತಿಗೆ ಕಾಕಾ ಕಿಟ್ ತಂದರು, ಹೊತ್ತು ಇಳಿಯುತ್ತಿತ್ತು. ಮಿಸ್ತ್ರಿ ಸಿಲಿಂಡರನ್ನು ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದರು, ಪೆಟ್ರೋಲ್ ಮುಟ್ಟಿಸಲಿಲ್ಲ. ಒಳಗೋಡೆಗೆ ಬೆರಳು ಆಡಿಸಿ ತುಕ್ಕಿನ ಕುಳಿ ಇದೆಯೇ ನೋಡಿದರು. ಕುಳಿ ಬಿದ್ದಿದ್ದರೆ ಕಿಟ್ ದಂಡ, ಸಿಲಿಂಡರೇ ಬದಲಿಸಬೇಕು. ಈ ದ್ರವ ಗಾಳಿಯ ಪಸೆ ಹೀರುತ್ತದೆ, ವರ್ಷಾನುಗಟ್ಟಲೆ ಬದಲಿಸದಿದ್ದರೆ ಒಳಗೇ ತುಕ್ಕು ಹಿಡಿಸುತ್ತದೆ. ಕಾಕಾನ ಕಾರಿನಲ್ಲಿ ತೆಳು ಕಲೆ ಮಾತ್ರ ಇತ್ತು. ಕಪ್ಪು ಹಾಕುವ ಕೆಲಸ ನಮಗೆ ಬಿಟ್ಟರು. ಇಡೀ ಇತಿಹಾಸ ಓದಿಕೊಂಡಿದ್ದ ನಾವು ತುಟಿ ಎಣ್ಣೆಯ ಕಡೆಗೇ ಹಾಕಿದೆವು. ಒಣಗಿದ್ದನ್ನೇ ಹಾಕಿದೆವು, ದ್ರವ ಸವರಲಿಲ್ಲ. ಅವಸರದಲ್ಲಿ ನೂಕುವಾಗ ತುಟಿಯ ಒಂದು ಅಂಚು ಹಿಂದಕ್ಕೆ ಮಡಚಿಕೊಂಡಿತು, ನಮಗೆ ಗೊತ್ತೇ ಆಗಲಿಲ್ಲ. ಜೋಡಿಸಿ, ಎಣ್ಣೆ ತುಂಬಿ, ಪೆಡಲ್ ಒತ್ತಿದರೆ ಮೊದಲ ಎರಡು ಸಲ ಬಿಗಿ, ಮೂರನೇ ಸಲಕ್ಕೆ ಮತ್ತೆ ನೆಲ. ಬೂಟಿನಿಂದ ಮತ್ತೆ ಹನಿ. ಆಯಿ ಕಟ್ಟೆಯ ಮೇಲೆ ಕುಂತು ಸಪ್ಪಳವನ್ನಷ್ಟೇ ಕೇಳುತ್ತಿದ್ದರು, ಏನೂ ಅನ್ನಲಿಲ್ಲ. ಅವರು ಬೈದಿದ್ದರೆ ಹಗುರ ಆಗುತ್ತಿತ್ತು.

ಮಿಸ್ತ್ರಿಯೂ ಬೈಯಲಿಲ್ಲ. ಕಿಟ್ಟಿನಲ್ಲಿ ಇನ್ನೊಂದು ಕಪ್ಪು ಇರಲಿಲ್ಲ, ಅದನ್ನೇ ಹೊರತೆಗೆದು ದೀಪಕ್ಕೆ ಹಿಡಿದು ತುಟಿಯ ಸುತ್ತ ಉಗುರು ಆಡಿಸಿ ನೋಡಿದರು. ಹರಿದಿರಲಿಲ್ಲ. ಈ ಸಲ ದ್ರವದಲ್ಲಿ ಅದ್ದಿ, ಓರೆ ಮಾಡಿ, ತಿರುಗಿಸುತ್ತಾ ತಿರುಗಿಸುತ್ತಾ ಒಳಗೆ ಸರಿಸಿದರು. ಆಮೇಲೆ ಏರ್ ತೆಗೆಯೋದು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಒಂದು ಗುಳ್ಳೆ ಉಳಿದರೂ ಆ ಚಮಚದ ಲೆಕ್ಕ ತಪ್ಪುತ್ತದೆ. ಒಬ್ಬ ಒಳಗೆ ಪೆಡಲ್ ಒತ್ತಿ ಹಿಡಿಯೋದು, ಇನ್ನೊಬ್ಬ ಕೆಳಗೆ ನಿಪ್ಪಲ್ ಸಡಿಲಿಸಿ ಗುಳ್ಳೆ ಬಾಟಲಿಗೆ ಬಿಡೋದು, ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡೋದು, ಡಬ್ಬಿ ಖಾಲಿಯಾಗದಂತೆ ಮೂರನೆಯವ ಕಾಯೋದು. ಸುಮಾರು ಮೂವತ್ತು ಸಲ ಆಯಿತು. ಕತ್ತಲಾಗಿತ್ತು, ಮೊಬೈಲ್ ಬೆಳಕಿನಲ್ಲಿ ಬಾಟಲಿಯೊಳಗೆ ಗುಳ್ಳೆ ನಿಂತವು.

ಬ್ರಾಮಾನ ಉಳಿದ ಬದುಕನ್ನು ರಾತ್ರಿ ಮಾಳಿಗೆಯ ಮೇಲೆ ಮಲಗಿ ಓದಿದೆವು. ಅವನು ಸುಮ್ಮನೆ ಕೂತವನಲ್ಲ. 1797ರಲ್ಲಿ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಎತ್ತುವ ಪಂಪು, 1802ರಲ್ಲಿ ಮರ ಹತ್ತರಿ ಹೊಡೆಯುವ ಯಂತ್ರ, 1806ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟುಗಳಿಗೆ ಸಂಖ್ಯೆ ಒತ್ತುವ ಯಂತ್ರ. ಪ್ರೆಸ್ಸಿಗೂ ಹೊಸ ಹೊಸ ಕೆಲಸ ಹುಡುಕುತ್ತಲೇ ಇದ್ದ. 1814ರಲ್ಲಿ ಹ್ಯಾಂಪ್‌ಷೈರಿನ ಹೋಲ್ಟ್ ಕಾಡಿನಲ್ಲಿ ದೊಡ್ಡ ಮರಗಳನ್ನು ಬೇರುಸಹಿತ ಕೀಳಲು ಪ್ರೆಸ್ಸು ಹಚ್ಚಿದ್ದರು, ಬ್ರಾಮಾ ತಾನೇ ನಿಂತು ಮಾಡಿಸುತ್ತಿದ್ದ. ಅಲ್ಲಿ ಥಂಡಿ ಹಿಡಿಯಿತು, ಎದೆಗೆ ಇಳಿಯಿತು. ಡಿಸೆಂಬರ್ 9ರಂದು ಲಂಡನ್ನಿನಲ್ಲಿ ತೀರಿಕೊಂಡ, 66 ವರ್ಷ. ಮೌಡ್ಸ್ಲೀ 1831ರಲ್ಲಿ, ಅವನೂ ಫ್ರಾನ್ಸಿನಿಂದ ಮರಳುವಾಗ ಹಿಡಿದ ಥಂಡಿಯಿಂದಲೇ.

ಪ್ರೆಸ್ಸು ಅವರಿಬ್ಬರ ಹಿಂದೆ ಉಳಿಯಿತು. 1849ರಲ್ಲಿ ವೇಲ್ಸಿನ ಬ್ರಿಟಾನಿಯಾ ಸೇತುವೆಯ ಕಬ್ಬಿಣದ ಕೊಳವೆಗಳನ್ನು ಸಮುದ್ರದ ಮೇಲಕ್ಕೆ ಎತ್ತಿದ್ದು ಅಂಥ ಪ್ರೆಸ್ಸುಗಳೇ. ನಮ್ಮ ಕಡೆ ಹುಬ್ಬಳ್ಳಿ, ಗದಗುಗಳ ಹತ್ತಿ ಪ್ರೆಸ್ಸುಗಳಲ್ಲಿ ಅರಳೆ ಒತ್ತಿ ಬೇಲು ಕಟ್ಟುವುದೂ ಇದೇ ತತ್ವದಿಂದ. 1917ರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಕಾರಿನ ಬ್ರೇಕಿಗೆ ಅದನ್ನು ಹಚ್ಚಿದ. ಅಲ್ಲೂ ಮೊದಲು ಇದ್ದದ್ದು ಚರ್ಮದ ಕಪ್ಪು, ಅಲ್ಲೂ ಸೋರಿಕೆ, ಆಮೇಲೆ ರಬ್ಬರು. ಬ್ರೇಕಿನ ದಾರಿ ಹಿಡಿದು ಕ್ಲಚ್ಚಿಗೂ ಬಂತು.

ಸೋಮವಾರ ನಸುಕಿನಲ್ಲಿ ಕಾಕಾ ಕಾರಿನ ಕೆಳಗೆ ಹಾಸಿದ್ದ ಹಳೇ ಪೇಪರನ್ನು ಎಳೆದು ನೋಡಿದರು. ಒಣಗಿತ್ತು. ಆಯಿ ಹಿಂದಿನ ಸೀಟಿನಲ್ಲಿ ಕುಂತರು, ರಿವರ್ಸ್ ಗೇರು ಸಪ್ಪಳಿಲ್ಲದೆ ಬಿತ್ತು, ನಾವು ಐವರೂ ಬಸ್ಸಿಗೆ ತಿಕೋಟಾದ ಕಡೆ ನಡೆದೆವು. ಮಿಸ್ತ್ರಿ ತಮ್ಮ ಕೂಲಿ ಎಷ್ಟು ಹೇಳಿದ್ದರೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ ಎಂದು ಕಾಕಾನಿಗೆ ಶಿಫಾರಸು ಮಾಡಿದ್ದೆವು, ಯಾಕೆ ಅಂತ ಅವರಿಗೆ ತಿಳಿಯಲಿಲ್ಲ. ಸವೆದ ಕಪ್ಪು ಈಗ ನಮ್ಮ ಲ್ಯಾಬಿನ ಡ್ರಾವರಿನಲ್ಲಿದೆ, ನೋಡಬೇಕಾದವರು ಬನ್ನಿ.